ಬೀಗ ಗಟ್ಟಿಯಾದರೆ ವಿಮೆ ಅಗ್ಗವಾಗುತ್ತಾ? ತುಮಕೂರಿನ ಮನೆಯವರಿಗೊಂದು ಮಾರ್ಗದರ್ಶಿ

"ಮನೆಗೆ ಸಿಸಿ ಕ್ಯಾಮೆರಾ ಹಾಕಿಸಿದ್ದೀನಿ. ವಿಮೆ ಪ್ರೀಮಿಯಂ ಎಷ್ಟು ಕಮ್ಮಿ ಆಗುತ್ತೆ?"

ಓದುಗರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸಪ್ತಗಿರಿ ಬಡಾವಣೆಯವರು ಕೇಳುತ್ತಾರೆ, ಮರಳೂರಿನವರು ಕೇಳುತ್ತಾರೆ, ತಿಪಟೂರು, ಗುಬ್ಬಿಯಿಂದಲೂ ಕೇಳುತ್ತಾರೆ. ಹೆಚ್ಚಿನವರು ಗಂಡ ಹೆಂಡತಿ ಇಬ್ಬರೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು. ಬೆಳಗ್ಗೆ ಏಳಕ್ಕೆ ಹಾಕಿದ ಬೀಗ ತೆಗೆಯುವುದು ರಾತ್ರಿ ಎಂಟಕ್ಕೆ. ಅವರ ಚಿಂತೆ ಸಹಜವೇ.

ಉತ್ತರ ಇಷ್ಟೇ: ಕಮ್ಮಿ ಆಗಬಹುದು, ಆದರೆ ಆಗುವುದು ನೂರಿನ್ನೂರರ ಲೆಕ್ಕ. ಎಷ್ಟೋ ಪಾಲಿಸಿಗಳಲ್ಲಿ ಒಂದು ರೂಪಾಯಿಯೂ ಕಮ್ಮಿ ಆಗಲ್ಲ. ಬೀಗ ನಿಮ್ಮ ದುಡ್ಡು ಉಳಿಸುವುದು ಪ್ರೀಮಿಯಂನಲ್ಲಲ್ಲ, ಕ್ಲೇಮಿನಲ್ಲಿ. ಅಂದರೆ ಕಳವಾದ ಮೇಲೆ ಪರಿಹಾರ ಕೇಳುವಾಗ. ಅದು ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಶುರು ಮಾಡುವ ಮುಂಚೆ ಇವನ್ನು ಹತ್ತಿರ ಇಟ್ಟುಕೊಳ್ಳಿ: ಈಗಾಗಲೇ ಪಾಲಿಸಿ ಇದ್ದರೆ ಅದರ ಪೂರ್ತಿ ಪ್ರತಿ (ಮೊದಲ ಪುಟ ಮಾತ್ರ ಸಾಲದು), ಟಿವಿ ಫ್ರಿಡ್ಜ್ ಒಡವೆಗಳ ಬಿಲ್ಲು, ಕ್ಯಾಮೆರಾ ಇರುವ ಫೋನು, ಒಂದು ಸ್ಕ್ರೂಡ್ರೈವರ್. ಸ್ಕ್ರೂಡ್ರೈವರ್ ಯಾಕೆ ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ನಿಮ್ಮ ಪಾಲಿಸಿಯಲ್ಲಿ ಕಳ್ಳತನ ಇದೆಯಾ ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 'ಭಾರತ್ ಗೃಹ ರಕ್ಷಾ' ಅನ್ನುವ ಒಂದೇ ಮಾದರಿಯ ಮನೆ ಪಾಲಿಸಿಯನ್ನು ಜಾರಿಗೆ ತಂದಿತು. ಯಾವ ಕಂಪನಿಯಿಂದ ಕೊಂಡರೂ ಇದರ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ, ಭೂಕಂಪ, ಗಲಭೆ, ನೀರಿನ ಟ್ಯಾಂಕ್ ಒಡೆದು ಆಗುವ ನಷ್ಟ, ಇವೆಲ್ಲ ಸೇರುತ್ತವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಒಳಗಿನ ಸಾಮಾನಿಗೂ ತಾನಾಗೇ ರಕ್ಷಣೆ ಸಿಗುತ್ತದೆ. ಕಟ್ಟಡದ ಮೊತ್ತದ 20%, ಗರಿಷ್ಠ 10 ಲಕ್ಷ ರೂಪಾಯಿ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಸಾಮಾನಿನ ವಿವರ ಕೊಟ್ಟು ಹೆಚ್ಚಿಸಿಕೊಳ್ಳಬಹುದು. ಒಳ್ಳೆಯ ಪಾಲಿಸಿಯೇ.

ಆದರೆ ಕಳ್ಳತನ? ಬೆಂಕಿ, ಪ್ರವಾಹದಂಥ ಅವಘಡ ಆಗಿ, ಅದರ ಕಾರಣದಿಂದ 7 ದಿನದೊಳಗೆ ಕಳವಾದರೆ ಮಾತ್ರ ಪರಿಹಾರ. ನೀವು ಊರಿಗೆ ಹೋಗಿದ್ದಾಗ ಕಳ್ಳ ಬಾಗಿಲು ಮೀಟಿ ಬೀರು ಬಳಿದುಕೊಂಡು ಹೋದರೆ ಮೂಲ ಪಾಲಿಸಿಯಲ್ಲಿ ಏನೂ ಸಿಗಲ್ಲ. ಅದಕ್ಕೆ ಬೇರೆಯಾಗಿ ಕಳವು ವಿಮೆ ಸೇರಿಸಿಕೊಳ್ಳಬೇಕು. ಕಂಪನಿಯವರು ಇದನ್ನು 'ಬರ್ಗ್ಲರಿ ಆ್ಯಡ್-ಆನ್' ಅಥವಾ 'ಬರ್ಗ್ಲರಿ ಸೆಕ್ಷನ್' ಅನ್ನುತ್ತಾರೆ. ಹೌಸ್‌ಹೋಲ್ಡರ್ಸ್ ಪ್ಯಾಕೇಜ್ ಪಾಲಿಸಿ ಅಂತ ಬರುವವುಗಳಲ್ಲಿ ಇದೂ ಒಂದು ಭಾಗವಾಗಿರುತ್ತದೆ.

ಈಗ ನಮ್ಮ ಪ್ರಶ್ನೆಗೆ ಬನ್ನಿ. ಬೀಗ ಬೆಂಕಿಯನ್ನು ತಡೆಯಲ್ಲ, ಅಲ್ವಾ? ಸಿಸಿ ಕ್ಯಾಮೆರಾ ಸಿಡಿಲನ್ನು ತಡೆಯಲ್ಲ. ಹಾಗಾಗಿ ನಿಮ್ಮ ಪಾಲಿಸಿಯಲ್ಲಿ ಕಳವು ಭಾಗವೇ ಇಲ್ಲದಿದ್ದರೆ ಬೀಗಕ್ಕೆ ರಿಯಾಯಿತಿ ಕೊಡಲು ಅಲ್ಲಿ ಏನೂ ಇಲ್ಲ. ಕ್ಯಾಮೆರಾ ಹಾಕಿಸಿ ರಿಯಾಯಿತಿ ಕೇಳುವವರಲ್ಲಿ ಎಷ್ಟೋ ಜನರ ಕಥೆ ಇಷ್ಟೇ.

ಇನ್ನೊಂದು ಗುಂಪಿದೆ. "ಮನೆ ಸಾಲ ತಗೊಂಡಾಗ ಬ್ಯಾಂಕಿನವರೇ ವಿಮೆ ಮಾಡಿಸಿದ್ದಾರೆ" ಅನ್ನುವವರು. ಆ ಕಾಗದ ತೆಗೆದು ನೋಡಿ. ಕೆಲವು ಸಲ ಅದು ಮನೆಯ ವಿಮೆಯೇ ಅಲ್ಲ, ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವ ವಿಮೆ. ಮನೆಯ ವಿಮೆಯೇ ಆಗಿದ್ದರೂ ಕಳವು ಭಾಗ ಇದೆಯೋ ಇಲ್ಲವೋ ಬೇರೆಯಾಗಿ ನೋಡಬೇಕು.

ಬಾಡಿಗೆ ಮನೆಯಲ್ಲಿದ್ದೀರಾ? ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದು. ಕಟ್ಟಡದ ಚಿಂತೆ ಮಾಲೀಕರದು.

ಹಂತ 2: 'ಕಳವು' ಬೇರೆ, 'ಕನ್ನ' ಬೇರೆ ಅಂತ ತಿಳಿದುಕೊಳ್ಳಿ

ಪೊಲೀಸ್ ಠಾಣೆಯಲ್ಲಿ 'ಕನ್ನ ಕಳವು' ಅನ್ನುವ ಮಾತು ಕೇಳಿರುತ್ತೀರಿ. ಬಾಗಿಲು ಮುರಿದು, ಸರಳು ಬಗ್ಗಿಸಿ, ಹೆಂಚು ತೆಗೆದು, ಬಲಪ್ರಯೋಗ ಮಾಡಿ ಒಳಗೆ ನುಗ್ಗಿ ಕದಿಯುವುದು ಅಂತ ಅರ್ಥ. ವಿಮೆಯವರ ಬರ್ಗ್ಲರಿ ಕೂಡ ಹೆಚ್ಚೂ ಕಮ್ಮಿ ಇದೇ. ತೆರೆದ ಬಾಗಿಲಿನಿಂದ ಸುಮ್ನೆ ಒಳಗೆ ಬಂದು ಟೇಬಲ್ ಮೇಲಿದ್ದ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರೆ ಅದು ಬರೀ ಕಳವು.

ಪಾಲಿಸಿಯಲ್ಲಿ ಬರ್ಗ್ಲರಿ ಮಾತ್ರ ಅಂತ ಬರೆದಿದ್ದರೆ, ಬಲಪ್ರಯೋಗ ನಡೆದ ಗುರುತು ಬೇಕೇ ಬೇಕು. ಇದು ಕಂಪನಿಯವರ ಹಟ ಮಾತ್ರ ಅಂದುಕೊಳ್ಳಬೇಡಿ. ಹರಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಇದನ್ನು ಒಪ್ಪಿದೆ. ಪಾಲಿಸಿಯಲ್ಲಿ ಹಾಗೆ ಬರೆದಿದ್ದ ಮೇಲೆ ಬಲಪ್ರಯೋಗ ಇಲ್ಲದ ಕಳವಿಗೆ ಪರಿಹಾರ ಇಲ್ಲ ಅಂತ.

ಬೀಗದ ಕೈಯನ್ನು ಚಪ್ಪಲಿ ಗೂಡಿನಲ್ಲೋ, ತುಳಸಿ ಕಟ್ಟೆ ಹಿಂದೆಯೋ, ಮೀಟರ್ ಬಾಕ್ಸ್ ಮೇಲೋ ಇಟ್ಟು ಹೋಗುವ ಅಭ್ಯಾಸ ನಮ್ಮಲ್ಲಿ ಎಷ್ಟು ಮನೆಯಲ್ಲಿಲ್ಲ? ಕಳ್ಳ ಆ ಕೈ ತೆಗೆದುಕೊಂಡೇ ಬಾಗಿಲು ತೆಗೆದರೆ ಒಂದು ಗೀರೂ ಬೀಳಲ್ಲ. ಗೀರಿಲ್ಲದ ಬಾಗಿಲನ್ನು ಮುಂದಿಟ್ಟುಕೊಂಡು ಕಂಪನಿಯವರ ಹತ್ತಿರ ವಾದ ಮಾಡುವುದು ಬಹಳ ಕಷ್ಟ. ಸಾಧ್ಯವಿದ್ದರೆ ಬರ್ಗ್ಲರಿ ಜೊತೆಗೆ 'ಥೆಫ್ಟ್', ಅಂದರೆ ಬರೀ ಕಳವು ಕೂಡ ಸೇರಿರುವ ಪಾಲಿಸಿ ಕೇಳಿ. ಮನೆಗೆಲಸದವರೋ, ಮನೆಯವರೇ ಯಾರೋ ಶಾಮೀಲಾಗಿರುವ ಕಳವನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ. ಅದನ್ನೂ ಕೇಳಿಕೊಳ್ಳಿ.

ಹಂತ 3: ಬಾಗಿಲ ಹೊರಗೆ ನಿಂತು ಕಳ್ಳನ ಹಾಗೆ ನೋಡಿ

ಈಗ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಮುಂಬಾಗಿಲು ಹಾಕಿ, ಹೊರಗೆ ನಿಂತು, ಬೀಗ ಹಾಕಿ. ಬೀಗವನ್ನು ನೋಡಬೇಡಿ, ಚಿಲಕವನ್ನು ನೋಡಿ.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದು. ಬೀಗ ಕೈಯಲ್ಲಿ ಹಿಡಿದರೆ ತೂಕವಾಗಿದೆ, ಏಳು ಲಿವರ್, ಸಾವಿರ ರೂಪಾಯಿ ಕೊಟ್ಟು ತಂದದ್ದು. ಆ ಬೀಗ ಜೋತು ಬಿದ್ದಿರುವ ಚಿಲಕ ಮಾತ್ರ ಮನೆ ಕಟ್ಟುವಾಗ ಬಡಗಿ ಹಾಕಿದ ತೆಳು ತಗಡು. ಅದನ್ನು ಹಿಡಿದಿರುವುದು ಅರ್ಧ ಇಂಚಿನ ನಾಲ್ಕು ಸ್ಕ್ರೂ. ಒಂದು ಸ್ಕ್ರೂ ಯಾವಾಗಲೋ ಬಿದ್ದು ಹೋಗಿ ಬರೀ ತೂತು ಉಳಿದಿದೆ. ಉಳಿದ ಮೂರರ ತಲೆ ಹೊರಗೇ ಕಾಣುತ್ತಿದೆ. ನಿಮ್ಮ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿ ನೋಡಿ, ಬರುತ್ತದೆ. ಕಳ್ಳನಿಗೆ ಅಷ್ಟೂ ತಾಳ್ಮೆ ಬೇಡ. ಒಂದು ಹಾರೆ ಸಿಕ್ಕಿಸಿ ಮೀಟಿದರೆ ಚಿಲಕ ಬೀಗದ ಸಮೇತ ಕಿತ್ತು ಬರುತ್ತದೆ. ಬೀಗ ಮಾತ್ರ ಹಾಗೇ ಇರುತ್ತದೆ, ಹೊಸದರಂತೆ.

ಸರಿ ಮಾಡಿಸುವುದು ಸುಲಭ, ಖರ್ಚೂ ಕಮ್ಮಿ:

- ದಪ್ಪ ಚಿಲಕ ಹಾಕಿಸಿ. ಸ್ಕ್ರೂ ಬದಲು ಬಾಗಿಲಿನ ಆಚೆಗೆ ತೂರುವ ಬೋಲ್ಟ್ ಹಾಕಿ, ಒಳಗಿನಿಂದ ನಟ್ ಬಿಗಿಯಬೇಕು.
- ನೇತಾಡುವ ಬೀಗದ ಬದಲು ಬಾಗಿಲೊಳಗೇ ಕೂರುವ ಡೋರ್ ಲಾಕ್ ಇನ್ನೂ ಒಳ್ಳೆಯದು. ಹೊರಗೆ ಬೀಗ ತೂಗುತ್ತಿದ್ದರೆ "ಮನೆಯಲ್ಲಿ ಯಾರೂ ಇಲ್ಲ" ಅಂತ ಬೋರ್ಡ್ ಹಾಕಿದ ಹಾಗೆ.
- ಹಿತ್ತಲ ಬಾಗಿಲು ನೋಡಿ. ಮುಂದೆ ತೇಗದ ಬಾಗಿಲು, ಹಿಂದೆ ಬಚ್ಚಲು ಕಡೆಗೆ ತೆಳು ಪ್ಲೈವುಡ್ ಬಾಗಿಲು, ಒಂದು ಸಣ್ಣ ಅಗುಳಿ. ಕಳ್ಳ ಮರ್ಯಾದಸ್ಥನ ಹಾಗೆ ಮುಂದಿನಿಂದಲೇ ಬರಬೇಕು ಅಂತೇನೂ ಇಲ್ಲ.
- ತಾರಸಿಗೆ ಹೋಗುವ ಬಾಗಿಲು. ಅಕ್ಕಪಕ್ಕದ ಮನೆಗಳ ತಾರಸಿ ಅಂಟಿಕೊಂಡಿರುವ ಹಳೇ ಬೀದಿಗಳಲ್ಲಿ, ಚಿಕ್ಕಪೇಟೆಯಂಥ ಕಡೆ, ಇದೇ ಮುಂಬಾಗಿಲು ಅಂದುಕೊಳ್ಳಿ.
- ಕಿಟಕಿಯ ಗ್ರಿಲ್ ಚೌಕಟ್ಟಿಗೆ ಹೊರಗಿನಿಂದ ಸ್ಕ್ರೂ ಹಾಕಿ ಕೂರಿಸಿದ್ದಾರೋ, ಗೋಡೆಯೊಳಗೆ ಕೂತಿದೆಯೋ ಗಮನಿಸಿ.

ಕ್ಯಾಮೆರಾ ಬೇಡ ಅಂತಲ್ಲ. ಬೇಕು. ಆದರೆ ದೃಶ್ಯಗಳನ್ನು ಉಳಿಸಿಡುವ ಪೆಟ್ಟಿಗೆ, ಡಿವಿಆರ್, ಎಲ್ಲಿಟ್ಟಿದ್ದೀರಿ? ನಾನು ನೋಡಿದ ಮನೆಗಳಲ್ಲಿ ಬಹುತೇಕ ಅದು ಟಿವಿ ಪಕ್ಕದಲ್ಲೇ, ಕೆಂಪು ದೀಪ ಮಿನುಗಿಸುತ್ತಾ ಕೂತಿರುತ್ತದೆ. ಕಳ್ಳ ಟಿವಿ ಜೊತೆ ಅದನ್ನೂ ಒಯ್ದರೆ ನಿಮ್ಮ ಸಾಕ್ಷಿ ಅವನ ಮನೆಯಲ್ಲಿ. ಅದನ್ನು ಬೀಗ ಇರುವ ಕಪಾಟಿನಲ್ಲೋ ಅಟ್ಟದ ಮೇಲೋ ಇಡಿ. ಇಲ್ಲವಾದರೆ ದೃಶ್ಯ ಇಂಟರ್ನೆಟ್‌ನಲ್ಲಿ ಉಳಿಯುವ ಕ್ಯಾಮೆರಾ ಆರಿಸಿಕೊಳ್ಳಿ. ಕಂಪನಿಯಿಂದ ಬಂದ ಪಾಸ್‌ವರ್ಡ್ ಬದಲಾಯಿಸಿ. ದಿನಾಂಕ ಮತ್ತು ಸಮಯ ಸರಿ ಇದೆಯಾ ನೋಡಿ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಓಡುತ್ತಾ? ಬೇಸಿಗೆಯಲ್ಲಿ ನಮ್ಮ ಕಡೆ ಈ ಪ್ರಶ್ನೆ ಕೇಳಲೇಬೇಕು.

ಇಂಟರ್ನೆಟ್‌ನಲ್ಲಿ ಇಂಗ್ಲೆಂಡಿನ ಲೇಖನಗಳನ್ನು ಓದಿ ಬರುವವರಿಗೆ ಒಂದು ಮಾತು. ಅಲ್ಲಿನ ಅರ್ಜಿಗಳಲ್ಲಿ ಬಾಗಿಲಿಗೆ ಐದು ಲಿವರ್ ಲಾಕ್ ಇದೆಯಾ, ಬಿಎಸ್ 3621 ಗುಣಮಟ್ಟದ್ದಾ ಅಂತೆಲ್ಲ ಕೇಳುವುದು ಮಾಮೂಲು. ಆ ಹೆಸರು ಹಿಡಿದುಕೊಂಡು ಇಲ್ಲಿನ ಅಂಗಡಿಗಳಲ್ಲಿ ಹುಡುಕುವ ಅಗತ್ಯ ಇಲ್ಲ. ನಿಮ್ಮ ಅರ್ಜಿಯಲ್ಲಿ ಏನು ಕೇಳಿದ್ದಾರೋ ಅದಷ್ಟೇ ಮುಖ್ಯ.

ಹಂತ 4: ಸಾಮಾನು ಪಟ್ಟಿ ಮಾಡಿ

ಒಂದೊಂದೇ ಕೋಣೆಗೆ ಹೋಗಿ ಫೋನಿನಲ್ಲಿ ವಿಡಿಯೋ ಮಾಡಿ. ಬೀರು ತೆಗೆದು, ಅಡುಗೆಮನೆ ಕಪಾಟು ತೆಗೆದು, ಬಾಯಿಯಲ್ಲಿ ಹೇಳುತ್ತಾ ಹೋಗಿ. ಟಿವಿ, ಫ್ರಿಡ್ಜ್, ವಾಷಿಂಗ್ ಮೆಷಿನ್ ಹಿಂದಿನ ಸೀರಿಯಲ್ ನಂಬರ್ ಫೋಟೋ ತೆಗೆಯಿರಿ. ಬಿಲ್ಲುಗಳ ಫೋಟೋ ಸಹ. ಇದೆಲ್ಲ ಮನೆಯಲ್ಲಿರುವ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಟ್ಟರೆ ಪ್ರಯೋಜನ ಇಲ್ಲ, ನಿಮ್ಮ ಇಮೇಲಿಗೇ ಒಂದು ಪ್ರತಿ ಕಳಿಸಿಕೊಳ್ಳಿ.

ಒಡವೆ ಬೇರೆ ಲೆಕ್ಕ. ಭಾರತ್ ಗೃಹ ರಕ್ಷಾದಲ್ಲಿ ಒಡವೆ, ಬೆಳ್ಳಿ ಸಾಮಾನು 'ಬೆಲೆಬಾಳುವ ವಸ್ತುಗಳು' ಅನ್ನುವ ಪ್ರತ್ಯೇಕ ಐಚ್ಛಿಕ ಭಾಗದಲ್ಲಿ ಬರುತ್ತವೆ. ಕೇಳಿ ಸೇರಿಸಿಕೊಳ್ಳದಿದ್ದರೆ ಇಲ್ಲ. ಒಟ್ಟು 5 ಲಕ್ಷ ಮೀರಿದರೆ, ಅಥವಾ ಒಂದೇ ವಸ್ತು 1 ಲಕ್ಷ ಮೀರಿದರೆ ಮೌಲ್ಯಮಾಪಕರ ಸರ್ಟಿಫಿಕೇಟ್ ಕೇಳುತ್ತಾರೆ. ಈಗಿನ ಚಿನ್ನದ ರೇಟಿಗೆ ಒಂದು ಸರವೇ ಲಕ್ಷ ದಾಟುತ್ತದೆ, ಹಾಗಾಗಿ ಇದು ನಿಮಗೂ ಅನ್ವಯಿಸುತ್ತದೆ ಅಂತಲೇ ಇಟ್ಟುಕೊಳ್ಳಿ. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಲೇಬೇಕು. ಒಡವೆ ಮೇಲಿರುವ ಆ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಜ್ಜಿ ಕಾಲದ ಅಡ್ಡಿಕೆಗೆ ಬಿಲ್ಲು ಎಲ್ಲಿಂದ ಬರಬೇಕು? ಅದಕ್ಕೇ ಮೌಲ್ಯಮಾಪಕರ ಸರ್ಟಿಫಿಕೇಟ್ ಮತ್ತು ಮದುವೆ ಫೋಟೋ.

ನಗದು, ಚಿನ್ನದ ಗಟ್ಟಿ, ಬಿಡಿ ಹರಳು, ಕಾಗದಪತ್ರ, ವಾಹನ, ಇವು ಮೂಲ ಪಾಲಿಸಿಯಲ್ಲಿ ಸೇರುವುದಿಲ್ಲ. ಚಿನ್ನದ ನಾಣ್ಯ ಕೂಡ ಸಿಗುತ್ತೆ ಅಂದುಕೊಳ್ಳಬೇಡಿ.

ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯವರಿಗೆ: ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿರುವ ಕಾಯಿ ನಿಮ್ಮ ಕಣ್ಣಿಗೆ ಮನೆ ಸಾಮಾನು, ಕಂಪನಿಯ ಕಣ್ಣಿಗೆ ವ್ಯಾಪಾರದ ದಾಸ್ತಾನು. ಗುಬ್ಬಿ ಕಡೆ ಮನೆಯಲ್ಲಿ ಚೀಲ ಕಟ್ಟಿಟ್ಟಿರುವ ಅಡಿಕೆಯೂ ಅಷ್ಟೇ. ಮನೆ ಸಾಮಾನಿನ ವಿಮೆಯಲ್ಲಿ ಅದು ಬರಲ್ಲ. ದಾಸ್ತಾನಿಗೆ ಬೇರೆ ಪಾಲಿಸಿಗಳಿವೆ. 5 ಕೋಟಿಯವರೆಗಿನ ಆಸ್ತಿಯ ಸಣ್ಣ ವ್ಯವಹಾರಕ್ಕೆ 'ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ' ಅಂತ ಒಂದಿದೆ. ಅಲ್ಲೂ ಕಳವನ್ನು ಬೇರೆಯಾಗಿ ಕೇಳಿ ಸೇರಿಸಿಕೊಳ್ಳಬೇಕು.

ಮೊತ್ತ ಕಮ್ಮಿ ತೋರಿಸಿ ಪ್ರೀಮಿಯಂ ಉಳಿಸುವ ಬುದ್ಧಿವಂತಿಕೆ ಬೇಡ. ಕಳವು ಭಾಗದಲ್ಲಿ 'ಸರಾಸರಿ ಷರತ್ತು' ಇರಬಹುದು. ಅಂದರೆ: ಮನೆಯಲ್ಲಿರುವುದು 8 ಲಕ್ಷದ ಸಾಮಾನು, ವಿಮೆ 4 ಲಕ್ಷಕ್ಕೆ, ಕಳವಾದದ್ದು 2 ಲಕ್ಷ. ನೀವು ಅರ್ಧಕ್ಕೆ ಮಾತ್ರ ವಿಮೆ ಮಾಡಿಸಿದ್ದರಿಂದ ನಿಮಗೆ ಸಿಗುವುದೂ ಅರ್ಧ, 1 ಲಕ್ಷ. ಭಾರತ್ ಗೃಹ ರಕ್ಷಾದ ಮೂಲ ಭಾಗದಲ್ಲಿ ಈ ಕಡಿತ ಇಲ್ಲ. ಆ್ಯಡ್-ಆನ್‌ನಲ್ಲಿ ಇದೆಯಾ ಅಂತ ಕೇಳಿ. 'ಫಸ್ಟ್ ಲಾಸ್' ಅಂತ ಇನ್ನೊಂದು ಪದ ಬರುತ್ತದೆ. ಇಡೀ ಮನೆಯನ್ನು ಕಳ್ಳ ಹೊತ್ತುಕೊಂಡು ಹೋಗಲಾರ ಅನ್ನುವ ಲೆಕ್ಕದಲ್ಲಿ, ಒಟ್ಟು ಬೆಲೆಯ ಒಂದು ಭಾಗಕ್ಕೆ ಮಾತ್ರ ಕಳವು ವಿಮೆ ಕೊಡುವ ಪದ್ಧತಿ ಅದು.

ಹಂತ 5: ರಿಯಾಯಿತಿ ಬಗ್ಗೆ ಕಂಪನಿಗೆ ಬರೆದು ಕೇಳಿ

ಫೋನಿನಲ್ಲಿ ಕೇಳಿದರೆ "ಆಗುತ್ತೆ ಸರ್, ಮಾಡಿಸ್ಕೊಡ್ತೀವಿ" ಅನ್ನುವ ಉತ್ತರ ಸಿಗುತ್ತದೆ. ಅದಕ್ಕೆ ಬೆಲೆ ಇಲ್ಲ. ಇಮೇಲ್ ಬರೆಯಿರಿ. ಕೇಳಬೇಕಾದ್ದು ಇಷ್ಟು:

- ಬೀಗ, ಗ್ರಿಲ್, ಅಲಾರಂ, ಸಿಸಿ ಕ್ಯಾಮೆರಾ, ಕಾವಲುಗಾರ, ಇವುಗಳಲ್ಲಿ ಯಾವುದಕ್ಕೆ ರಿಯಾಯಿತಿ ಇದೆ?
- ಆ ರಿಯಾಯಿತಿ ಪೂರ್ತಿ ಪ್ರೀಮಿಯಂ ಮೇಲೋ, ಕಳವು ಭಾಗದ ಮೇಲೆ ಮಾತ್ರವೋ?
- ಪುರಾವೆಗೆ ಏನು ಕೊಡಬೇಕು? ಬಿಲ್ಲೋ, ಫೋಟೋನೋ, ನೀವೇ ಬಂದು ನೋಡುತ್ತೀರೋ?
- ಕಳವಾದ ದಿನ ಕ್ಯಾಮೆರಾ ಕೆಟ್ಟಿದ್ದರೆ ಕ್ಲೇಮಿಗೆ ತೊಂದರೆ ಆಗುತ್ತಾ?

ಕೊನೆಯ ಪ್ರಶ್ನೆಯನ್ನು ಬಿಡಬೇಡಿ.

ರಿಯಾಯಿತಿ ವಿಷಯದಲ್ಲಿ ಕಂಪನಿಗಳ ನಡುವೆ ಒಂದೇ ನಿಯಮ ಇಲ್ಲ. ಕೆಲವರು ಕೊಡುತ್ತಾರೆ. ಕೆಲವರು ಕಾವಲುಗಾರರಿರುವ ಅಪಾರ್ಟ್‌ಮೆಂಟಿಗೆ ಕೊಟ್ಟು, ಬಿಡಿ ಮನೆಗೆ ಕೊಡಲ್ಲ. ಕೆಲವರ ಆನ್‌ಲೈನ್ ಅರ್ಜಿಯಲ್ಲಿ ಬೀಗದ ಪ್ರಶ್ನೆಯೇ ಇರಲ್ಲ. ಕನಿಷ್ಠ ಮೂರು ಕಡೆ ಕೊಟೇಶನ್ ತೆಗೆದುಕೊಳ್ಳಿ. ಹಾಗೆ ತೆಗೆದುಕೊಂಡಾಗ ಕ್ಯಾಮೆರಾಕ್ಕೆ ಸಿಗುವ ರಿಯಾಯಿತಿಗಿಂತ, ಕಂಪನಿಯಿಂದ ಕಂಪನಿಗೆ ಇರುವ ವ್ಯತ್ಯಾಸವೇ ಜಾಸ್ತಿ ಅಂತ ಗೊತ್ತಾದರೆ ಆಶ್ಚರ್ಯ ಪಡಬೇಡಿ. ಹಲವು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಎಷ್ಟು ಕಮ್ಮಿ ಅಂತಲೂ ಕೇಳಿ. ಭಾರತ್ ಗೃಹ ರಕ್ಷಾವನ್ನು 10 ವರ್ಷದವರೆಗೂ ಒಟ್ಟಿಗೆ ಮಾಡಿಸಬಹುದು.

ಹಂತ 6: ಒಂದು ಸಣ್ಣ ಲೆಕ್ಕ ಹಾಕಿ

ಈ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮ ಕೊಟೇಶನ್ ಬೇರೆ ಇರುತ್ತದೆ. ಕಳವು ಭಾಗದ ಪ್ರೀಮಿಯಂ ವರ್ಷಕ್ಕೆ 1,200 ರೂಪಾಯಿ ಅಂತಿಟ್ಟುಕೊಳ್ಳಿ. ಕ್ಯಾಮೆರಾಕ್ಕೆ 10% ರಿಯಾಯಿತಿ ಸಿಕ್ಕಿತು, 120 ರೂಪಾಯಿ. ಅದರ ಮೇಲಿನ 18% ಜಿಎಸ್‌ಟಿಯೂ ಉಳಿಯಿತು. ಒಟ್ಟು 141 ರೂಪಾಯಿ 60 ಪೈಸೆ. ನಾಲ್ಕು ಕ್ಯಾಮೆರಾ, ಡಿವಿಆರ್, ವೈರಿಂಗ್ ಸೇರಿ 20,000 ಖರ್ಚಾಗಿದ್ದರೆ, ಅದು ವಾಪಸ್ ಬರಲು 141 ವರ್ಷ ಬೇಕು.

ಒಡವೆ ಸೇರಿಸಿ ಕಳವು ಭಾಗವೇ 5,000 ಆಯಿತು ಅನ್ನಿ. ಆಗ ವರ್ಷಕ್ಕೆ 590 ಉಳಿಯುತ್ತದೆ. ಹಾಗಾದರೂ 34 ವರ್ಷ ಹತ್ತಿರ. ಅಷ್ಟರಲ್ಲಿ ಎಷ್ಟು ಕ್ಯಾಮೆರಾ ಬದಲಾಯಿಸಿರುತ್ತೀರೋ!

ಆದ್ದರಿಂದ ನನ್ನ ಅಭಿಪ್ರಾಯ: ಕ್ಯಾಮೆರಾ ಹಾಕಿಸುವುದಿದ್ದರೆ ಕಳ್ಳನಿಗಾಗಿ ಹಾಕಿಸಿ, ರಿಯಾಯಿತಿಗಾಗಿ ಬೇಡ. ಮೊದಲ ದುಡ್ಡು ಚಿಲಕ ಮತ್ತು ಹಿತ್ತಲ ಬಾಗಿಲಿಗೆ. ಪ್ರೀಮಿಯಂ ಇಳಿಸಲೇಬೇಕು ಅಂದರೆ ದೊಡ್ಡ ದಾರಿ ಒಡವೆ. ವರ್ಷಕ್ಕೆರಡು ಸಲ ಹಾಕುವ ಒಡವೆಯನ್ನು ಬ್ಯಾಂಕ್ ಲಾಕರಿಗೆ ಕಳಿಸಿದರೆ ಮನೆಯಲ್ಲಿ ವಿಮೆ ಮಾಡಿಸಬೇಕಾದ ಮೊತ್ತವೇ ಇಳಿಯುತ್ತದೆ. ಆದರೆ ಲಾಕರ್ ಅಂದರೆ ಪೂರ್ತಿ ರಕ್ಷಣೆ ಅಂತಲೂ ಅಲ್ಲ. ಬೆಂಕಿ, ಕಳವು, ಸಿಬ್ಬಂದಿಯ ವಂಚನೆಯಂಥ ಸಂದರ್ಭದಲ್ಲಿ ಬ್ಯಾಂಕಿನ ಹೊಣೆ ಲಾಕರ್‌ನ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ ಮಾತ್ರ. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮ ಇದು. ಬಾಡಿಗೆ 2,000 ಇದ್ದರೆ 2 ಲಕ್ಷ. ಕೆಲವು ಪಾಲಿಸಿಗಳು ಲಾಕರ್‌ನಲ್ಲಿರುವ ಒಡವೆಗೂ ವಿಮೆ ಕೊಡುತ್ತವೆ, ವಿಚಾರಿಸಿ.

ಹಂತ 7: ಅರ್ಜಿಯಲ್ಲಿ ಇರುವುದನ್ನೇ ಬರೆಯಿರಿ

ಏಜೆಂಟರು ಫೋನ್ ಮಾಡುತ್ತಾರೆ. "ಸರ್, ಅಲಾರಂ ಇದೆ ಅಂತ ಹಾಕ್ಬಿಡ್ಲಾ? ಸ್ವಲ್ಪ ಕಮ್ಮಿ ಆಗುತ್ತೆ." ಬೇಡ ಅನ್ನಿ.

ವಿಮೆ ನಿಂತಿರುವುದೇ ನೀವು ಹೇಳಿದ್ದು ನಿಜ ಅನ್ನುವ ನಂಬಿಕೆ ಮೇಲೆ. ಇಲ್ಲದ ಅಲಾರಂ ಇದೆ ಅಂತ ಬರೆದು 140 ರೂಪಾಯಿ ಉಳಿಸಿ, ನಾಳೆ 3 ಲಕ್ಷದ ಕ್ಲೇಮು ಕೇಳಲು ಹೋದಾಗ ಸರ್ವೇಯರ್, ಅಂದರೆ ನಷ್ಟ ಅಂದಾಜು ಮಾಡಲು ಕಂಪನಿ ಕಳಿಸುವ ಪರಿವೀಕ್ಷಕರು, "ಅಲಾರಂ ತೋರಿಸಿ" ಅನ್ನುತ್ತಾರೆ. ಆಗ ಏಜೆಂಟರ ಫೋನು ಸ್ವಿಚ್ ಆಫ್.

'ವಾರಂಟಿ' ಅನ್ನುವ ಪದ ಪಾಲಿಸಿಯಲ್ಲಿ ಕಂಡರೆ ಎರಡು ಸಲ ಓದಿ. ಮಿಕ್ಸಿಗೆ ಬರುವ ವಾರಂಟಿ ಅಲ್ಲ ಇದು. ಅಲ್ಲಿ ಕಂಪನಿ ನಿಮಗೆ ಮಾತು ಕೊಡುತ್ತದೆ, ಇಲ್ಲಿ ನೀವು ಕಂಪನಿಗೆ ಮಾತು ಕೊಡುತ್ತೀರಿ. "ರಾತ್ರಿ ಹೊತ್ತು ಅಲಾರಂ ಚಾಲೂ ಇರುತ್ತದೆ" ಅಂತ ವಾರಂಟಿ ಇದ್ದರೆ, ಒಂದು ರಾತ್ರಿ ಮರೆತರೂ ನಿಮ್ಮ ಕ್ಲೇಮು ತಕರಾರಿಗೆ ಬೀಳಬಹುದು. ಇಂಥ ಕಡೆ ರಿಯಾಯಿತಿ ಇಲ್ಲದ ಪಾಲಿಸಿಯೇ ವಾಸಿ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಮಧ್ಯದಲ್ಲಿ ಏನಾದರೂ ಬದಲಾದರೆ ತಿಳಿಸಿ. ಕ್ಯಾಮೆರಾ ತೆಗೆಸಿದಿರಿ, ಮೇಲಿನ ಮಹಡಿಯನ್ನು ಪೇಯಿಂಗ್ ಗೆಸ್ಟ್‌ಗಳಿಗೆ ಕೊಟ್ಟಿರಿ, ಮುಂದಿನ ಕೋಣೆಯಲ್ಲಿ ಟೈಲರಿಂಗ್ ಅಂಗಡಿ ಶುರು ಮಾಡಿದಿರಿ, ಎಲ್ಲಕ್ಕೂ ಒಂದು ಇಮೇಲ್.

ಹಂತ 8: ಬೀಗ ಹಾಕಿ ಊರಿಗೆ ಹೊರಡುವಾಗ

ಕಳವು ವಿಮೆಗಳಲ್ಲಿ ಮನೆ ಇಷ್ಟು ದಿನಕ್ಕಿಂತ ಜಾಸ್ತಿ ಸತತವಾಗಿ ಖಾಲಿ ಇದ್ದರೆ ರಕ್ಷಣೆ ಇಲ್ಲ ಅನ್ನುವ ಷರತ್ತು ಇರುತ್ತದೆ. 30 ದಿನ ಅಂತ ಬರೆದಿರುವುದು ಸಾಮಾನ್ಯ, ನಿಮ್ಮದರಲ್ಲಿ ಎಷ್ಟು ನೋಡಿ. ಊರಹಬ್ಬಕ್ಕೆ ನಾಲ್ಕು ದಿನ ಹೋಗುವವರಿಗೆ ಚಿಂತೆ ಇಲ್ಲ. ಮಗಳ ಬಾಣಂತನಕ್ಕೆಂದು ಮೂರು ತಿಂಗಳು ಅಮೆರಿಕಕ್ಕೆ ಹೋಗುವ ಹಿರಿಯರು ಮಾತ್ರ ಹೊರಡುವ ಮುಂಚೆಯೇ ಕಂಪನಿಗೆ ಬರೆದು ತಿಳಿಸಿ, ಉತ್ತರ ಪಡೆದೇ ವಿಮಾನ ಹತ್ತಬೇಕು.

ಕ್ಯಾತ್ಸಂದ್ರವೋ, ಜಯನಗರವೋ, ತಿಲಕ್ ಪಾರ್ಕೋ, ನಿಮ್ಮ ಮನೆ ಯಾವ ಠಾಣೆಗೆ ಸೇರುತ್ತದೆ ಅಂತ ತಿಳಿದುಕೊಂಡು ಬೀಟ್ ಪೊಲೀಸರಿಗೆ ಒಂದು ಮಾತು ಹೇಳಿ. ಹಾಲು, ಪೇಪರ್ ನಿಲ್ಲಿಸಿ. ಗೇಟಿನೊಳಗೆ ನಾಲ್ಕು ದಿನದ ಪೇಪರ್ ಬಿದ್ದಿರುವುದು, ಬಾಗಿಲ ಮುಂದೆ ರಂಗೋಲಿ ಇಲ್ಲದಿರುವುದು, ಎರಡನ್ನೂ ಕಳ್ಳ ಓದಬಲ್ಲ. ಪಕ್ಕದ ಮನೆಯವರಿಗೆ ಹೇಳಿ ದಿನಾ ಒಂದು ಎಳೆ ರಂಗೋಲಿ ಹಾಕಿಸಿದರೆ ಅದೂ ಒಂದು ಭದ್ರತೆಯೇ. ಇದಕ್ಕೆ ಯಾವ ಕಂಪನಿಯೂ ರಿಯಾಯಿತಿ ಕೊಡಲ್ಲ ಬಿಡಿ.

ಹಂತ 9: ಕಳವಾದರೆ

ಮೊದಲು 112ಕ್ಕೆ ಕರೆ ಮಾಡಿ. ಒಳಗೆ ಹೋಗಿ ಸಾಮಾನು ಜೋಡಿಸಬೇಡಿ, ಚಿಲಕ ರಿಪೇರಿ ಮಾಡಿಸಬೇಡಿ. ಕಿತ್ತು ಬಂದ ಆ ಚಿಲಕವೇ ಈಗ ನಿಮ್ಮ ಸಾಕ್ಷಿ. ಫೋಟೋ ತೆಗೆಯಿರಿ. ಪೊಲೀಸರು ಸ್ಥಳ ಮಹಜರು ಮಾಡುವವರೆಗೆ ಹಾಗೇ ಇರಲಿ. ಆಮೇಲೆ ಬಾಗಿಲು ಭದ್ರ ಮಾಡಿಸಿ, ಆದರೆ ಹಳೇ ಚಿಲಕ, ಬೀಗವನ್ನು ಸರ್ವೇಯರ್ ಬಂದು ನೋಡುವವರೆಗೆ ಎಸೆಯಬೇಡಿ.

ಅದೇ ದಿನ ಕಂಪನಿಗೂ ತಿಳಿಸಿ, ಕ್ಲೇಮ್ ನಂಬರ್ ಬರೆದುಕೊಳ್ಳಿ. ದೂರಿನಲ್ಲಿ "ಬಾಗಿಲು ಮೀಟಿ ಒಳಗೆ ಬಂದಿದ್ದಾರೆ" ಅನ್ನುವ ಸಂಗತಿ ಸ್ಪಷ್ಟವಾಗಿ ಇರಲಿ, ಬರೀ "ಕಳವಾಗಿದೆ" ಅಂತ ಬರೆದು ಬರಬೇಡಿ. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಉಚಿತ. ಅದರಲ್ಲಿ ಭಾರತೀಯ ನ್ಯಾಯ ಸಂಹಿತೆಯ ಯಾವ ಕಲಂ ಹಾಕಿದ್ದಾರೆ ನೋಡಿ. 305 ಅಂದರೆ ವಾಸದ ಮನೆಯಲ್ಲಿ ಕಳವು, 331 ಅಂದರೆ ಮನೆಗೆ ಅತಿಕ್ರಮವಾಗಿ ಅಥವಾ ಕನ್ನ ಹಾಕಿ ನುಗ್ಗಿದ್ದಕ್ಕೆ. ಬಾಗಿಲು ಮುರಿದಿದ್ದರೂ 331 ಇಲ್ಲದಿದ್ದರೆ ಅಲ್ಲೇ ವಿನಯವಾಗಿ ಕೇಳಿ. ಆಮೇಲೆ ಸೇರಿಸುವುದು ತಲೆನೋವು.

ಕಳವಾದ ವಸ್ತುಗಳ ಪಟ್ಟಿ ದೂರಿನಲ್ಲೂ ಕ್ಲೇಮಿನಲ್ಲೂ ಒಂದೇ ಇರಬೇಕು. ಗಾಬರಿಯಲ್ಲಿ ದೂರಿನಲ್ಲಿ ಎರಡು ಬಳೆ ಬರೆದು, ಕ್ಲೇಮಿನಲ್ಲಿ ನಾಲ್ಕು ಬರೆದರೆ ಅನುಮಾನ ಬರುತ್ತದೆ. ಏನಾದರೂ ಬಿಟ್ಟುಹೋಗಿದೆ ಅಂತ ಆಮೇಲೆ ಗೊತ್ತಾದರೆ ಠಾಣೆಗೆ ಪೂರಕ ಹೇಳಿಕೆ ಕೊಡಿ. ನಾಲ್ಕನೇ ಹಂತದ ವಿಡಿಯೋ ಈಗ ಕೆಲಸಕ್ಕೆ ಬರುತ್ತದೆ.

ಕಳ್ಳ ಸಿಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ 'ಸಿ ರಿಪೋರ್ಟ್' ಹಾಕುತ್ತಾರೆ, ಪತ್ತೆಯಾಗಲಿಲ್ಲ ಅನ್ನುವ ವರದಿ. ವಿಮೆ ಕಂಪನಿಗಳು ಇದನ್ನು ಕೇಳುವುದುಂಟು, ಬರಲು ತಿಂಗಳುಗಟ್ಟಲೆ ಹಿಡಿಯುವುದೂ ಉಂಟು. ಅಲ್ಲಿಯವರೆಗೆ ಸುಮ್ಮನೆ ಕೂರದೆ ಉಳಿದ ಕಾಗದಗಳನ್ನೆಲ್ಲ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.

ಕಾರಣ ಸರಿ ಇಲ್ಲದೆ ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್‌ನಲ್ಲೂ ದಾಖಲಿಸಬಹುದು, ಸಹಾಯವಾಣಿ 155255. ಅಲ್ಲೂ ಆಗದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಬೆಂಗಳೂರು ಬೇಡ ಅಂದರೆ ತುಮಕೂರಿನಲ್ಲೇ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಆಯೋಗ ಇದೆ, ಅಲ್ಲಿ ಗಡುವು ಎರಡು ವರ್ಷ. ಒಂಬುಡ್ಸ್‌ಮನ್ ಹತ್ತಿರ ಶುಲ್ಕ ಇಲ್ಲ. ವಕೀಲರನ್ನು ಕರೆದುಕೊಂಡು ಹೋಗುವಂತೆಯೂ ಇಲ್ಲ, ನಿಮ್ಮ ಮಾತು ನೀವೇ ಹೇಳಬೇಕು. ಚಿಲಕದ ಫೋಟೋ ಜೊತೆಗಿರಲಿ.